ಒದ್ದೆ ರಸ್ತೆಯೂ ಮೋಟಾರು ಕಾರೂ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮಾರ್ಗವಾಗಿ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬಹುದು. ಬೇಸಗೆಯಲ್ಲಿ ಚಾಲಕನ ಇಷ್ಟದಂತೆ ನಡೆದ ಕಾರು ಈಗ ಅವನ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಬ್ರೇಕು ಒತ್ತಿದರೆ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಜಾರುತ್ತದೆ. ತಿರುವಿನಲ್ಲಿ ಹೊರಮಗ್ಗುಲಿಗೆ ಸರಿಯುತ್ತದೆ. ಕಾರು ಅದೇ, ರಸ್ತೆ ಅದೇ, ಚಾಲಕನೂ ಅವನೇ. ಹಾಗಾದರೆ ಬದಲಾದುದೇನು?

ಕಾರು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ತಳದಲ್ಲಿ, ಒಂದೊಂದೂ ಹೆಚ್ಚುಕಡಮೆ ಅಂಗೈಯಗಲದ ಜಾಗದಲ್ಲಿ ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಲ್ಲಿ ಉಂಟಾಗುವ ಘರ್ಷಣೆಯಿಂದಲೇ ಸಾಧ್ಯ. ಈ ಹಿಡಿತವು ಚಕ್ರದ ಮೇಲಿರುವ ಭಾರದ ಎಷ್ಟು ಪಾಲು ಎಂಬುದನ್ನು ಘರ್ಷಣಾಂಕವೆನ್ನುವರು. ಒಣಗಿದ ಡಾಂಬರು ರಸ್ತೆಯಲ್ಲಿ ಇದು ಸುಮಾರು ೦.೭, ಒದ್ದೆಯಾದಾಗ ಸುಮಾರು ೦.೪, ಕೆಸರು ಮೆತ್ತಿಕೊಂಡಾಗ ಇನ್ನೂ ಕಡಮೆ. ಭಾರವಾದ ಕಾರಿಗೆ ಹಿಡಿತ ಹೆಚ್ಚೆಂದು ನಂಬುವವರುಂಟು. ಹಿಡಿತ ಹೆಚ್ಚುವುದು ನಿಜ. ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುವುದರಿಂದ ಲಾಭವೇನೂ ಇಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯೋಣ. ಮಳೆಯ ಸಂಜೆ ಕಾರೊಂದು ಗಂಟೆಗೆ ೬೦ ಕಿ.ಮೀ. ವೇಗದಲ್ಲಿ ಬರುತ್ತಿದೆ. ೪೫ ಮೀಟರ್ ಮುಂದೆ, ದೀಪವಿಲ್ಲದ ಎತ್ತಿನ ಗಾಡಿಯೊಂದು ರಸ್ತೆಗೆ ಅಡ್ಡವಾಗಿರುವುದು ಚಾಲಕನ ಕಣ್ಣಿಗೆ ಬೀಳುತ್ತದೆ. ಕಂಡು, ಕಾಲನ್ನು ಬ್ರೇಕಿನ ಮೇಲಿಡುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದರೆ ಕಾರು ೧೭ ಮೀಟರ್ ಸಾಗಿರುತ್ತದೆ. ಅಲ್ಲಿಂದ ನಿಲ್ಲುವುದಕ್ಕೆ ಒಣರಸ್ತೆಯಲ್ಲಿ ೨೦ ಮೀಟರ್ ಸಾಕು, ಒಟ್ಟು ೩೭ ಮೀಟರ್, ಗಾಡಿ ಉಳಿಯಿತು. ಒದ್ದೆ ರಸ್ತೆಯಲ್ಲಾದರೋ ನಿಲ್ಲಲು ೩೫ ಮೀಟರ್ ಬೇಕು; ಒಟ್ಟು ೫೨. ಆದುದರಿಂದ ಕಾರು ಗಂಟೆಗೆ ಸುಮಾರು ೨೭ ಕಿ.ಮೀ. ವೇಗದಲ್ಲಿ ಗಾಡಿಗೆ ಬಡಿಯುತ್ತದೆ. ಅದೇ ಚಾಲಕನು ೫೦ ಕಿ.ಮೀ. ವೇಗದಲ್ಲಿ ಬಂದಿದ್ದರೆ ಒದ್ದೆಯಲ್ಲಿಯೂ ಸುಮಾರು ೩೯ ಮೀಟರಿನೊಳಗೆ ನಿಲ್ಲುತ್ತಿದ್ದನು. ವೇಗದಲ್ಲಿ ಹತ್ತು ಕಿ.ಮೀ. ಬಿಟ್ಟುಕೊಟ್ಟುದರಿಂದ ಒಂದು ಜೀವ ಉಳಿಯಬಹುದೆಂಬುದನ್ನು ಗಮನಿಸಬೇಕು.

ತಿರುವಿನ ಲೆಕ್ಕವೂ ಹೀಗೆಯೇ. ೫೦ ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಒಣಗಿದ್ದಾಗ ೬೬ ಕಿ.ಮೀ. ವೇಗದವರೆಗೂ ಹಿಡಿತ ಉಳಿದೀತು. ಒದ್ದೆಯಾದಾಗ ೫೦ ಕಿ.ಮೀ. ವೇಗಕ್ಕೇ ಅದು ಮುಗಿದುಹೋಗುತ್ತದೆ.

ನಮ್ಮ ಸೀಮೆಯಲ್ಲಿ ಎರಡು ಅಪಾಯಗಳನ್ನು ವಿಶೇಷವಾಗಿ ನೆನೆಯಬೇಕು. ಮೊದಲನೆಯದು, ಭರಣಿ ಮಳೆಯ ಕಾಲದ ಮೊದಲ ಹನಿಗಳು. ಬೇಸಗೆಯುದ್ದಕ್ಕೂ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ, ಟೈರಿನ ರಬ್ಬರಿನ ಪುಡಿ ನೀರಿನೊಡನೆ ಕಲಸಿ ನುಣುಪಾದ ಲೇಪವಾಗುತ್ತವೆ. ಜೋರಾಗಿ ಸುರಿದು ತೊಳೆದುಹೋಗುವವರೆಗೆ ರಸ್ತೆ ಬಲು ಜಾರು. ಎರಡನೆಯದು ಕೆಸರು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಿಂದಲೂ, ಕೃಷ್ಣರಾಜನಗರದ ನಾಲೆಯ ಬಯಲಿನ ಗದ್ದೆಗಳಿಂದಲೂ, ಹೆಗ್ಗಡದೇವನಕೋಟೆಯ ಕೆಮ್ಮಣ್ಣಿನ ದಾರಿಗಳಿಂದಲೂ ಟ್ರಾಕ್ಟರುಗಳು ಮೇಲೇರಿ ಬರುವಾಗ ಚಕ್ರದ ಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತವೆ. ಹೊಲದ ದಾರಿ ಹೆದ್ದಾರಿಗೆ ಕೂಡುವಲ್ಲಿ ವೇಗವನ್ನು ಮೊದಲೇ ತಗ್ಗಿಸುವುದು ಲೇಸು.

ರಸ್ತೆಯ ತಗ್ಗಿನಲ್ಲಿ ನೀರು ನಿಂತಿದ್ದರೆ ಮತ್ತೊಂದು ವಿಚಿತ್ರ ನಡೆಯುತ್ತದೆ. ೧೬ ಸೆಂಟಿಮೀಟರ್ ಅಗಲದ ಟೈರು ೩ ಮಿಲಿಮೀಟರ್ ಆಳದ ನೀರಿನಲ್ಲಿ ೮೦ ಕಿ.ಮೀ. ವೇಗದಿಂದ ಓಡಿದರೆ ಸೆಕೆಂಡಿಗೆ ಸುಮಾರು ಹತ್ತು ಲೀಟರ್, ಎಂದರೆ ಒಂದು ಬಿಂದಿಗೆಯಷ್ಟು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ. ಟೈರಿನ ಗೀರುಗಳಿರುವುದು ಈ ನೀರಿಗೆ ದಾರಿಮಾಡಿಕೊಡುವುದಕ್ಕಾಗಿಯೇ. ಗೀರು ಸವೆದಿದ್ದರೆ, ಇಲ್ಲವೆ ವೇಗ ಮಿತಿಮೀರಿದರೆ, ನೀರು ಟೈರಿನಡಿ ಬೆಣೆಯಂತೆ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡುತ್ತದೆ. ಆಗ ಕಾರು ದೋಣಿಯಂತೆ ತೇಲುತ್ತದೆ; ಸ್ಟಿಯರಿಂಗ್ ಚಕ್ರ ಕೈಯಲ್ಲಿ ಹಗುರಾಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ೧೯೬೦ರ ದಶಕದಲ್ಲಿ ಇದನ್ನು ಪರೀಕ್ಷಿಸಿ, ತೇಲುವ ವೇಗವು ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆಯೆಂದು ತೋರಿಸಿದರು. ಅವರ ಸೂತ್ರದಂತೆ ೩೦ ಪೌಂಡು ಒತ್ತಡಕ್ಕೆ ಈ ವೇಗ ಗಂಟೆಗೆ ಸುಮಾರು ೯೦ ಕಿ.ಮೀ.; ೨೦ ಪೌಂಡಿಗೆ ಇಳಿದರೆ ಸುಮಾರು ೭೪ ಮಾತ್ರ. ಗಾಳಿ ಕಡಮೆಯಾದ ಟೈರು ಬೇಗನೆ ತೇಲುವುದೆಂಬುದು ಇದರಿಂದ ಸ್ಪಷ್ಟ. ಕಾರಿನ ಟೈರಿನ ಗೀರು ೧.೬ ಮಿಲಿಮೀಟರಿಗಿಂತ ಕಡಮೆಯಾಗಿರಕೂಡದೆಂದು ನಮ್ಮ ಕಾನೂನು ವಿಧಿಸಿದೆ.

ತೇಲಿದಾಗ ಮಾಡಬೇಕಾದುದೇನು? ಬ್ರೇಕನ್ನು ತಟ್ಟನೆ ತುಳಿಯಬಾರದು. ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು ನೇರವಾಗಿ ಹಿಡಿದಿದ್ದರೆ ವೇಗ ತಗ್ಗಿ ಟೈರು ಮತ್ತೆ ನೆಲವನ್ನು ಮುಟ್ಟುತ್ತದೆ. ಬರಿಯ ಒದ್ದೆಯಲ್ಲಿ ಬ್ರೇಕು ಹಾಕುವ ಸಂಗತಿ ಬೇರೆ. ಉರುಳುವ ಚಕ್ರಕ್ಕಿರುವ ಹಿಡಿತ, ಉರುಳದೆ ಬಿಗಿದುಕೊಂಡು ಜಾರುವ ಚಕ್ರಕ್ಕಿಲ್ಲ. ಅಂತಹ ಕಾರು ತಿರುಗಿಸಿದ ಕಡೆಗೂ ತಿರುಗುವುದಿಲ್ಲ. ಈ ಬಿಗಿತವನ್ನು ತಪ್ಪಿಸುವ ಎ.ಬಿ.ಎಸ್. ಏರ್ಪಾಡು ೨೦೧೯ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದೆ. ಅದಿರುವ ಕಾರಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಪಾದದಡಿಯ ಅದುರಿಗೆ ಹೆದರಬೇಕಾಗಿಲ್ಲ. ಅದಿಲ್ಲದ ಹಳೆಯ ಕಾರಿನಲ್ಲಿ ಚಕ್ರ ಬಿಗಿದೊಡನೆ ಬ್ರೇಕನ್ನು ತುಸು ಸಡಿಲಿಸಬೇಕು.

ಆದರೆ ಇಲ್ಲದ ಘರ್ಷಣೆಯನ್ನು ಯಾವ ಯಂತ್ರವೂ ಸೃಷ್ಟಿಸಲಾರದು. ಉಳಿದಿರುವ ಹಿಡಿತದೊಳಗೆ ನಡೆಯುವುದಷ್ಟೇ ನಮ್ಮ ಕೈಯಲ್ಲಿರುವುದು. ಮಳೆಗಾಲಕ್ಕೆ ಮುನ್ನ ಟೈರಿನ ಗೀರನ್ನೂ ಗಾಳಿಯನ್ನೂ ನೋಡಿಕೊಂಡು, ಮುಂದಿನ ವಾಹನದಿಂದ ಎಂದಿನ ಎರಡರಷ್ಟು ಅಂತರವಿಟ್ಟು, ವೇಗವನ್ನು ತಗ್ಗಿಸಿ ನಡೆದರೆ, ಆ ಸಂಜೆಯ ಎತ್ತಿನ ಗಾಡಿ ತನ್ನ ಊರನ್ನು ಸೇರುತ್ತದೆ; ನಾವೂ ನಮ್ಮ ಊರನ್ನು ಸೇರುತ್ತೇವೆ.