ಔಷಧ ಸಿಗದವರು ಹೇಗಿದ್ದರು?

ಕ್ರೋನ್ಸ್ ಕಾಯಿಲೆ ಕರುಳಲ್ಲಷ್ಟೇ ಇದ್ದಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ನನಗೆ ಅದು ಗುದದ್ವಾರದ ಪಕ್ಕ ಫಿಸ್ಟುಲಾ ಕೊರೆದಿತ್ತು. ನಮ್ಮ ಕಡೆ ಭಗಂದರ ಅನ್ನುತ್ತಾರೆ. ನೆಂಟರ ಮುಂದೆ ಬಾಯಿಬಿಡಲಾಗದ ಜಾಗ. ಮೊದಲು ಕರುಳಿನ ಟಿಬಿ ಇರಬಹುದೆಂದು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ್ದಾಯಿತು. ನಮ್ಮ ದೇಶದಲ್ಲಿ ಇವೆರಡನ್ನು ಬೇರೆ ಮಾಡಿ ಗುರುತಿಸುವುದು ಪಳಗಿದ ವೈದ್ಯರಿಗೂ ಕಷ್ಟವಂತೆ, ಅದಕ್ಕೆ ನನಗೆ ಸಿಟ್ಟಿಲ್ಲ. ಆಮೇಲೆ ಕ್ರೋನ್ಸ್ ತಗ್ಗಿಸಲು ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್, ಜೊತೆಗೆ ಸೆಟಾನ್. ಫಿಸ್ಟುಲಾದೊಳಗೆ ಹಾಯಿಸಿ ಹೊರಗೆ ಗಂಟು ಹಾಕಿದ ದಾರ ಅದು; ಕೀವು ಒಳಗೇ ಕಟ್ಟಿಕೊಳ್ಳದೆ ಸೋರಿಹೋಗಲಿ ಅಂತ. ಬಸ್ಸಿನಲ್ಲಿ ಒಂದು ಮಗ್ಗುಲಿಗೆ ವಾಲಿ ಕೂರುವುದು, ಒಳಉಡುಪಿನಲ್ಲಿ ಗಾಜ್ ಇಟ್ಟುಕೊಳ್ಳುವುದು ರೂಢಿಯಾಯಿತು.

ಸ್ಟೆಮ್ ಸೆಲ್ ಹುಚ್ಚು ಹತ್ತಿದ್ದು ಆಗ. ಯುರೋಪ್ ಮತ್ತು ಇಸ್ರೇಲಿನ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದು 2016ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ದಾನಿಗಳ ಕೊಬ್ಬಿನಿಂದ ತೆಗೆದು ಬೆಳೆಸಿದ 12 ಕೋಟಿ ಸ್ಟೆಮ್ ಕೋಶಗಳನ್ನು ಫಿಸ್ಟುಲಾದ ಸುತ್ತ ಚುಚ್ಚುತ್ತಾರೆ. 24 ವಾರಕ್ಕೆ ಶೇ 50ರಷ್ಟು ಜನರ ಗಾಯ ಕೂಡಿತ್ತು. 2018ರಲ್ಲಿ ಅಲೋಫಿಸೆಲ್ ಹೆಸರಿನಲ್ಲಿ ಯುರೋಪಿನಲ್ಲಿ ಈ ಚಿಕಿತ್ಸೆಗೆ ಒಪ್ಪಿಗೆಯೂ ಸಿಕ್ಕಿತು. ಲೇಖನದ ಪ್ರಿಂಟ್ ತೆಗೆಸಿಕೊಂಡು ಡಾಕ್ಟರ ಮುಂದಿಟ್ಟೆ. ಅವರು ಪಕ್ಕದ ಕಾಲಂ ಮೇಲೆ ಪೆನ್ನಿಟ್ಟರು. ಅಲ್ಲಿ ಶೇ 34 ಅಂತಿತ್ತು.

“ಇವರಿಗೆ ಏನು ಕೊಟ್ಟಿದ್ರು ಸರ್?”

“ಸಲೈನ್.”

ಬರೀ ಉಪ್ಪುನೀರಲ್ಲ, ಅಂತ ಅವರೇ ಮುಂದುವರಿಸಿದರು. ಎರಡೂ ಗುಂಪಿನವರಿಗೆ ಸರ್ಜನ್ ಫಿಸ್ಟುಲಾವನ್ನು ಕೆರೆದು ಸ್ವಚ್ಛ ಮಾಡಿ, ಒಳಬಾಯಿಗೆ ಹೊಲಿಗೆ ಹಾಕಿದ್ದರು. ಕೋಶಗಳ ಪಾಲಿಗೆ ಉಳಿದದ್ದು ನಡುವಿನ ಅಂತರ ಮಾತ್ರ.

ಇದು ತಲೆಯಲ್ಲಿದ್ದದ್ದರಿಂದ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಬಚಾವಾದೆ. ಅಲ್ಲಿ ತೋರಿಸಿದ್ದು ಅದೇ ಲ್ಯಾನ್ಸೆಟ್ ಲೇಖನ. ಮಾಡಲು ಹೊರಟಿದ್ದು ನನ್ನದೇ ಅಸ್ಥಿಮಜ್ಜೆ ತೆಗೆದು ರಕ್ತನಾಳಕ್ಕೆ ಬಿಡುವುದು! ಲಕ್ಷಗಳ ಪ್ಯಾಕೇಜ್. ಇಂಥ ಚಿಕಿತ್ಸೆ ಒಪ್ಪಿಗೆ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ದೇಶದ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ ಅಂದೆ. ಕೌಂಟರಿನ ಹುಡುಗಿ ಇಎಂಐ ಸೌಲಭ್ಯ ವಿವರಿಸತೊಡಗಿದಳು.

ರೋಗನಿರೋಧಕ ವ್ಯವಸ್ಥೆಯನ್ನೇ ಕೀಮೋ ಕೊಟ್ಟು ಅಳಿಸಿ, ರೋಗಿಯದೇ ಸ್ಟೆಮ್ ಕೋಶಗಳಿಂದ ಮತ್ತೆ ಕಟ್ಟುವ ದಾರಿಯೂ ಇದೆ. 45 ಜನರ ಮೇಲಿನ ಅದರ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು; ಒಬ್ಬರು ತೀರಿಕೊಂಡಿದ್ದರು. ಅದರ ಆಸೆ ನನಗೆ ಅಲ್ಲಿಗೇ ಮುಗಿಯಿತು.

ಅಲೋಫಿಸೆಲ್‌ನ ಎರಡನೇ ದೊಡ್ಡ ಪ್ರಯೋಗದ ಲೆಕ್ಕ 2023ರಲ್ಲಿ ಹೊರಬಿತ್ತು: ಕೋಶ ಪಡೆದವರಲ್ಲಿ ಶೇ 48.8, ಸಲೈನ್ ಪಡೆದವರಲ್ಲಿ ಶೇ 46.3. 2024ರ ಕೊನೆಗೆ ಯುರೋಪಿನ ಮಾರುಕಟ್ಟೆಯಿಂದಲೇ ಅದು ಹೊರಟುಹೋಯಿತು. ಬಹಳ ಜನ ಇದನ್ನು ಸೋಲು ಅಂದರು. ನನ್ನ ಕಣ್ಣು ಮಾತ್ರ 46.3ರ ಮೇಲೇ ನಿಂತಿತ್ತು. ಕೋಶವೇ ಇಲ್ಲದೆ ಅಷ್ಟು ಜನರಿಗೆ ಗುಣವಾಗಿದೆಯಲ್ಲ! ಕೋಶಗಳ ಬೆನ್ನು ಹತ್ತುವುದು ಬಿಟ್ಟು, ಎಂಆರ್‌ಐ ಫಿಲ್ಮನ್ನು ಸಾವಧಾನವಾಗಿ ನೋಡಿ ಒಳದಾರಿಗಳನ್ನು ಕಾಗದದ ಮೇಲೆ ಗೀಚಿ ತೋರಿಸಿದ ಸರ್ಜನ್ ಕೈಗೆ ನನ್ನನ್ನು ಒಪ್ಪಿಸಿಕೊಂಡೆ. ಡ್ರಿಪ್ ನಿಲ್ಲಿಸಲಿಲ್ಲ. ಎರಡು ದಾರಿಗಳಲ್ಲಿ ಒಂದು ಮುಚ್ಚಿದೆ, ಇನ್ನೊಂದು ಆಗೀಗ ಒದ್ದೆಯಾಗುತ್ತದೆ.

ನಮ್ಮಲ್ಲೇ ಸರಿಯಾಗಿ ನೋಂದಾಯಿಸಿದ ಪ್ರಯೋಗ ನಡೆದರೆ ಹೆಸರು ಕೊಡಲು ಈಗಲೂ ತಯಾರಿದ್ದೇನೆ. ಸಲೈನ್ ಗುಂಪಿಗೆ ಬಿದ್ದರೂ ಅಡ್ಡಿಯಿಲ್ಲ.