ಕೊಂಬೆ ಸವರುವ ಗರಗಸದ ಲೆಕ್ಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟಗಳಲ್ಲಿ ಗರಗಸಕ್ಕೆ ಕೆಲಸ ಬೀಳುವುದು ಬದುವಿನ ತೇಗ, ಸಿಲ್ವರ್ ಓಕ್, ಮಾವು ಬೆಳೆದು ಅಡಿಕೆ ಸಾಲಿಗೆ ನೆರಳು ಕವಿದಾಗ. ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಬೇವು, ಹುಣಸೆ. ಕೊಳವೆಬಾವಿ ಇರುವ ಕಡೆ ದಾಳಿಂಬೆ. ಎಲ್ಲೇ ಆದರೂ ವರ್ಷಕ್ಕೆ ಕೆಲವೇ ದಿನಗಳ ಕೆಲಸ. ಗರಗಸ ಅಗ್ಗವೋ ದುಬಾರಿಯೋ ಎಂಬುದು ಈ ದಿನಗಳ ಮೇಲೆ ನಿಂತಿದೆ.

ಕೈಗರಗಸಕ್ಕೆ 800 ರೂ., ನಾಲ್ಕಿಂಚಿನ ಬ್ಯಾಟರಿ ಗರಗಸಕ್ಕೆ 6,000 ರೂ., ಎರಡಕ್ಕೂ ನಾಲ್ಕು ವರ್ಷ ಬಾಳಿಕೆ ಎಂದಿಟ್ಟುಕೊಳ್ಳೋಣ. ಕೈಗರಗಸದ ವರ್ಷದ ಪಾಲು 200 ರೂ. ಬ್ಯಾಟರಿಯದಕ್ಕೆ ನಡುವೆ ಒಮ್ಮೆ 2,000 ರೂ. ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರೆ ಒಟ್ಟು 8,000, ವರ್ಷಕ್ಕೆ 2,000. ಚೈನು, ಎಣ್ಣೆಗೆ ಇನ್ನೊಂದು 400. ವ್ಯತ್ಯಾಸ 2,200 ರೂ. ಇಷ್ಟನ್ನು ಯಂತ್ರ ಕೂಲಿಯಲ್ಲಿ ಉಳಿಸಿಕೊಡಬೇಕು. ಸವರುವ ದಿನದಲ್ಲಿ ಕೊಯ್ಯುವ ಹೊತ್ತು ಹೆಚ್ಚೆಂದರೆ ಅರ್ಧ. ಮಿಕ್ಕದ್ದು ಏಣಿ ಸರಿಸುವುದು, ಮರ ಹತ್ತುವುದು, ಕೊಂಬೆ ಎಳೆದು ರಾಶಿ ಹಾಕುವುದು. ಯಂತ್ರ ಕೊಯ್ಯುವ ಹೊತ್ತನ್ನು ಅರ್ಧಕ್ಕಿಳಿಸಿದರೂ ಉಳಿಯುವುದು ದಿನದ ಕಾಲು ಭಾಗ. ಕೂಲಿ 700 ಎಂದರೆ 175 ರೂ. 2,200ನ್ನು 175ರಿಂದ ಭಾಗಿಸಿದರೆ 12.57. ವರ್ಷಕ್ಕೆ 13 ದಿನ ಸವರುವವರಿಗೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ. ಮೂರು ದಿನದಲ್ಲಿ ಬದು ಮುಗಿಸುವ ತೋಟಕ್ಕೆ ಉಳಿತಾಯ 525 ರೂ., ಹೆಚ್ಚುವರಿ ಖರ್ಚು ಅದೇ 2,200.

ಇದೂ ಉದಾರವಾದ ಲೆಕ್ಕವೇ. ಪೆಟ್ಟಿಗೆಯ ಮೇಲೆ 48, 88 ವೋಲ್ಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳಗಿರುವುದು ಸರಣಿಯಲ್ಲಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳಾದರೆ, ಪೂರ್ತಿ ಚಾರ್ಜ್ ಆದಾಗಲೂ ಅದು 21 ವೋಲ್ಟ್ ದಾಟದು. ಸೆಲ್ಲು 2 ಆಂಪಿಯರ್-ಗಂಟೆಯದಾದರೆ ಒಟ್ಟು ಶಕ್ತಿ 36 ವ್ಯಾಟ್-ಗಂಟೆ. ಮೋಟಾರು 300 ವ್ಯಾಟ್ ಎಳೆದರೆ ಏಳು ನಿಮಿಷದ ಕೊಯ್ತ. ಮುದ್ರಿತ ಸಂಖ್ಯೆಗೆ ದುಡ್ಡು ಕೊಡುವ ಮುನ್ನ ಸೆಲ್ ಎಷ್ಟೆಂದು ಕೇಳಿದರೆ ಅಂಗಡಿಯವರೂ ತಡವರಿಸುತ್ತಾರೆ.

ಬಾಳಿಕೆ ಕಡಿಮೆಯಾಗುವುದು ಬಹುಪಾಲು ಇಡುವ ರೀತಿಯಿಂದ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅದರ ಸಾಮರ್ಥ್ಯ ಬೇಗ ಕುಗ್ಗುತ್ತದೆ. ಅರ್ಧ ಚಾರ್ಜಿನಲ್ಲಿ, ತಂಪಾದ ಕೋಣೆಯಲ್ಲಿಡಬೇಕು. ಸಣ್ಣ ಯಂತ್ರಗಳಲ್ಲಿ ಕೆಲವಕ್ಕೆ ತಾನಾಗಿ ಎಣ್ಣೆ ಬಿಡುವ ವ್ಯವಸ್ಥೆಯೇ ಇಲ್ಲ, ಕೈಯಿಂದ ಹನಿಸಬೇಕು. ಕೈಗರಗಸದಲ್ಲೂ ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದಕ್ಕೆ ಅರ ಹಿಡಿಯದು, ಅಲಗನ್ನೇ ಬದಲಿಸಬೇಕು. ಸೇದುವಾಗ ಕೊಯ್ಯುವ ಹಲ್ಲಿನ ಅಲಗು ಕೈಮಣಿಕಟ್ಟಿನ ದಪ್ಪದ ಕೊಂಬೆಗೆ ಸಾಕು. ತೊಡೆಗಾತ್ರದ ಹುಣಸೆ ಕೊಂಬೆಗೆ ಇವೆರಡೂ ಆಗವು. ಪೆಟ್ರೋಲ್ ಗರಗಸ ಇರುವವರನ್ನು ಒಂದು ದಿನ ಕರೆಸುವುದೇ ಮೇಲು.

ದಾಳಿಂಬೆಯಲ್ಲಿ ಇನ್ನೊಂದು ಖರ್ಚಿದೆ. ದುಂಡಾಣು ಅಂಗಮಾರಿ ಸವರುವ ಆಯುಧದ ಮೂಲಕವೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಕತ್ತರಿ, ಕೈಗರಗಸವನ್ನು ಪ್ರತಿ ಗಿಡಕ್ಕೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದೆ ಹೋಗಬಹುದು. ಎಣ್ಣೆ, ಹೊಟ್ಟು ಮೆತ್ತಿದ ಚೈನನ್ನು ಹಾಗೆ ಅದ್ದಲು ಬರುವುದಿಲ್ಲ.