ಮೊದಲು ಆಡಿ ನೋಡಿ, ಆಮೇಲೆ ಕೊಡಿ



ಭಾನುವಾರದ ಬಲಿಪೂಜೆ ಮುಗಿಸಿ ನವನಗರದ ಮನೆಗೆ ಮರಳಿದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಹನ್ನೆರಡು ವರ್ಷದ ಮಗ ತಂದೆಯ ಮೊಬೈಲ್ ಹಿಡಿದು, "ಅಪ್ಪಾ, ಈ ಗೇಮ್ ಹಾಕ್ಕೊಳ್ಲೇನು? ಫ್ರೀ ಐತಿ, ರೊಕ್ಕ ಕೊಡೂದು ಬ್ಯಾಡ" ಎನ್ನುತ್ತಾನೆ. "ಹಾಕ್ಕೋ" ಎಂದು ತಂದೆ ಪತ್ರಿಕೆಯತ್ತ ತಿರುಗುತ್ತಾನೆ. ಆ 'ಫ್ರೀ' ಎಂಬ ಮಾತಿನ ಹಿಂದೆ ಏನಿದೆ ಎಂಬುದೇ ಈ ವಾರದ ಪಾಠ.

ರುಚಿ ತೋರಿಸಿ ಮಾರುವುದು ಹೊಸ ಪದ್ಧತಿಯಲ್ಲ. ಮಾವಿನ ಕಾಲದಲ್ಲಿ ಧಾರವಾಡದ ಆಪೂಸ್ ಮಾರುವವನು ಒಂದು ಹೋಳು ಕೊಯ್ದು ಕೈಗಿಟ್ಟರೆ ತಿಂದು ನೋಡುತ್ತೇವೆ. ಹಿಡಿಸಿದರೆ ಕೊಳ್ಳುತ್ತೇವೆ; ಇಲ್ಲವಾದರೆ ಮುಂದೆ ನಡೆಯುತ್ತೇವೆ. ವಿಡಿಯೋ ಗೇಮ್ ಕೂಡ ಹಾಗೆಯೇ. ಚಿತ್ರ ನೋಡಿದರೆ ಸಾಲದು, ಆಡಿದಾಗಲೇ ಅದರ ಗುಣ ತಿಳಿಯುತ್ತದೆ.

1972ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಪಾಂಗ್' ಎಂಬ ಆಟದ ಮೊದಲ ಯಂತ್ರವನ್ನು ಸನ್ನಿವೇಲ್ ಊರಿನ ಒಂದು ಮದ್ಯದಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟಿತು. ಸ್ವಲ್ಪ ಕಾಲದಲ್ಲೇ ಯಂತ್ರ ನಿಂತುಹೋಯಿತು. ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು! 1993ರಲ್ಲಿ 'ಡೂಮ್' ಆಟದ ಮೂರು ಭಾಗಗಳಲ್ಲಿ ಮೊದಲನೆಯದನ್ನು ಉಚಿತವಾಗಿ ಹಂಚಿ, ಉಳಿದೆರಡಕ್ಕೆ ಹಣ ಕೇಳಿದರು. ಇಂದು 'ಸ್ಟೀಮ್' ಎಂಬ ಗೇಮ್ ಮಳಿಗೆಯಲ್ಲಿ ಕೊಂಡ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನಗಳೊಳಗೆ ಹಣ ಹಿಂದಕ್ಕೆ ಕೇಳಬಹುದು. ಕಡೆಯ ಈ ಎರಡರಲ್ಲೂ ಒಂದು ಗೆರೆಯಿದೆ: ರುಚಿ ಇಲ್ಲಿಗೆ ಮುಗಿಯಿತು, ಬೆಲೆ ಇಷ್ಟು, ಬೇಕೋ ಬೇಡವೋ ನೀವೇ ಹೇಳಿ. ಇದು ನ್ಯಾಯವಾದ ವ್ಯಾಪಾರ.

ಮೊಬೈಲಿನ ಅನೇಕ ಆಟಗಳಲ್ಲಿ ಈ ಗೆರೆ ಇಲ್ಲ. ಆಟ ಉಚಿತ, ಆದರೆ ವೇಷಭೂಷಣ, ಆಯುಧದ ಬಣ್ಣ, ಮುಂದಿನ ಅವಕಾಶ ಇವೆಲ್ಲ ಮಾರಾಟಕ್ಕಿವೆ. ಕೈ ಪಳಗಿ, ಗೆಳೆಯರ ಗುಂಪು ಕೂಡಿದ ಮೇಲೆ ಬೆಲೆ ಕಾಣಿಸುತ್ತದೆ. ಆಗ 'ಬೇಡ' ಎನ್ನುವುದು ಹಣ್ಣಿನ ಗಾಡಿ ಬಿಟ್ಟು ಮುಂದೆ ನಡೆದಷ್ಟು ಸುಲಭವಲ್ಲ. ಹಣವಿಟ್ಟು ಆಡುವ ಆಟಗಳಂತೂ ಸೇರಿದವರಿಗೆ ಉಚಿತ ಬೋನಸ್ ಕೊಟ್ಟು ರುಚಿ ಹತ್ತಿಸುತ್ತಿದ್ದವು. ಇಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು.

ಹಾಗಾದರೆ ನಾವೇನು ಮಾಡಬೇಕು?

1. ಮಗುವಿನ ಪಕ್ಕ ಕುಳಿತು ಅರ್ಧ ಗಂಟೆ ನೀವೂ ಆಡಿ. ಎಲ್ಲಿ, ಯಾವಾಗ, ಯಾವ ಮಾತಿನಿಂದ ಹಣ ಕೇಳುತ್ತದೆಂದು ಗಮನಿಸಿ.

2. ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಅದು ನಿಮ್ಮಲ್ಲೇ ಇರಲಿ.

3. ಒಂದು ದಿನ ಬಿಟ್ಟು ನಿರ್ಧರಿಸಿ. ನಿಲ್ಲಿಸೆಂದಾಗ ಮಗು ನಿಲ್ಲಿಸಿತೇ? ಅದೇ ನಿಜವಾದ ಪರೀಕ್ಷೆ.

ಊಟ, ನಿದ್ದೆ, ಓದು ಕೆಡುವಷ್ಟು ಆಟ ಹತ್ತಿದ್ದರೆ ಬೈದು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಚಿಕಿತ್ಸೆ ಬೇಕಾದ ತೊಂದರೆಯೆಂದು 2019ರಲ್ಲೇ ಒಪ್ಪಿದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ತಂದೆ ಪತ್ರಿಕೆ ಕೆಳಗಿಟ್ಟು, "ತಾ ಇಲ್ಲಿ, ಇಬ್ರೂ ಕೂಡಿ ಆಡಿ ನೋಡೂಣು" ಎಂದಿದ್ದರೆ?

ಮನೆಯಲ್ಲಿ ಚರ್ಚಿಸಿ: ನಮ್ಮ ಮಕ್ಕಳು ಆಡುವ ಆಟವನ್ನು ನಾವು ಒಮ್ಮೆಯಾದರೂ ಆಡಿದ್ದೇವೆಯೇ? ಉಚಿತವೆಂದು ತಂದದ್ದಕ್ಕೆ ನಾವು ಕೊಟ್ಟ ಬೆಲೆ ಯಾವುದು?